ಬಲಗಡೆಯವರಿಗಾಗಿ

ನಮ್ಮ ಮನೆಯ ಸಂಜೆ ಪ್ರಾರ್ಥನೆಯಲ್ಲಿ ಯಾರೂ ತಮಗಾಗಿ ಏನನ್ನೂ ಕೇಳುವಂತಿಲ್ಲ. ಇದು ಅತ್ತೆ ಮಾಡಿದ ಕಟ್ಟಳೆ. ಊಟದ ಮೇಜಿನ ನಾಲ್ಕು ಬದಿಗೆ ನಾಲ್ವರು ಕೂತು, ಬೈಬಲಿನಿಂದ ಒಂದು ಕೀರ್ತನೆ ಓದಿ, ಆಮೇಲೆ ಪ್ರತಿಯೊಬ್ಬರೂ ತಮ್ಮ ಬಲಗಡೆಯವರತ್ತ ತಿರುಗಿ "ನಿನಗೇನು ಕೇಳಲಿ?" ಅನ್ನಬೇಕು. ಅವರು ಹೇಳಿದ್ದನ್ನು ದೇವರ ಮುಂದೆ ಇಡಬೇಕು. ಅತ್ತೆಗಾಗಿ ಅವರ ಮಗ ಕೇಳಬೇಕು, ನನಗಾಗಿ ಅತ್ತೆ, ನಮ್ಮ ಮಗಳು ಗುಬ್ಬಿಗಾಗಿ ನಾನು, ಅವಳ ಅಪ್ಪನಿಗಾಗಿ ಗುಬ್ಬಿ.

"ಅವರವರ ಗೋಳು ಅವರವರೇ ಹೇಳ್ಕೊಳ್ಳೋಕೆ ಕೂತ್ರೆ ಬೆಳಗಾದ್ರೂ ಮುಗಿಯಲ್ಲ," ಅನ್ನುವುದು ಅತ್ತೆಯ ವಾದ. ಮದುವೆಯಾದ ಹೊಸತರಲ್ಲಿ ನನಗೆ ಇದು ಬಲು ಕಿರಿಕಿರಿ. ಅತ್ತೆಯ ಮೇಲೇ ದೂರಿದ್ದರೆ ಅದನ್ನೂ ಅತ್ತೆಯ ಬಾಯಿಂದಲೇ ದೇವರಿಗೆ ಮುಟ್ಟಿಸಬೇಕಲ್ಲ! ಒಮ್ಮೆ ಹಾಗೇ ಮಾಡಿದೆ. "ಕರ್ತನೇ, ಈ ಹುಡುಗಿಯ ಅಡುಗೆಗೆ ಅವಳ ಅತ್ತೆ ಹೆಸರಿಡದ ಹಾಗೆ ಮಾಡು," ಎಂದು ಅತ್ತೆ ಕಣ್ಣು ಮುಚ್ಚಿಕೊಂಡು, ಒಂದಕ್ಷರ ಬಿಡದೆ ಬೇಡಿಕೊಂಡರು. ಮರುದಿನದಿಂದ ಹೆಸರಿಡುವುದನ್ನು ಬಿಟ್ಟರು ಎಂದೇನಲ್ಲ, ದನಿ ಮಾತ್ರ ತಗ್ಗಿತು.

ನಮ್ಮವರು ಬಾಟಲಿ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದರು. ಗಾಜಿನ ಕುಲುಮೆಯನ್ನು ಹಗಲು ರಾತ್ರಿ ಆರಿಸುವಂತಿಲ್ಲ. ಆರಿಸಿದರೆ ಒಳಗಿನ ಗಾಜು ಗಟ್ಟಿಯಾಗಿ ಕುಲುಮೆಯೇ ಹಾಳು. ಚರ್ಚಿನ ಆರಾಧನೆ ತಪ್ಪಿಸಿಕೊಂಡು ಕುಲುಮೆಯ ಮುಂದೆ ನಿಂತ ಭಾನುವಾರಗಳು ಅವರಿಗೆ ಬೇಕಾದಷ್ಟು. ಇಂಧನದ ಬೆಲೆ ಏರಿ, ಬಾಟಲಿ ಕೊಳ್ಳುವವರೆಲ್ಲ ಪ್ಲಾಸ್ಟಿಕ್ಕಿನ ಕಡೆ ತಿರುಗಿದ ಮೇಲೆ, ಮಾಲೀಕರು ಕುಲುಮೆ ಆರಿಸಲು ಹೇಳಿದರು. ಆರಿಸಿದವರು ನಮ್ಮವರೇ. ಕೆಲಸ ಹೋದದ್ದಕ್ಕಿಂತ, ಕೈಯಾರೆ ಆರಿಸಬೇಕಾಯಿತಲ್ಲ ಎಂಬುದೇ ಅವರನ್ನು ಕೊರೆಯಿತು. ಆ ಸಂಜೆ ಕೀರ್ತನೆ ಶುರುವಾಗುವ ಮೊದಲೇ ಎದ್ದು, "ನನಗೂ ದೇವರಿಗೂ ಮಾತಿಲ್ಲ," ಎಂದು ವರಾಂಡಕ್ಕೆ ಹೋಗಿ ಕೂತವರು, ಪ್ರಾರ್ಥನೆಯ ಹೊತ್ತಿಗೆ ಮತ್ತೆ ಮೇಜಿಗೆ ಬರಲಿಲ್ಲ.

ಉಳಿದ ಮೂವರು ದಿನಾ ಕೂರುತ್ತಿದ್ದೆವು. ಗುಬ್ಬಿ ತನ್ನ ಬಲಗಡೆಯ ಖಾಲಿ ಕುರ್ಚಿ ನೋಡಿ, ಬಾಗಿಲ ಕಡೆಗೆ ಕೂಗುತ್ತಿದ್ದಳು: "ಅಪ್ಪಾ, ನಿನಗೇನು ಕೇಳ್ಲಿ?"

"ಏನೂ ಬೇಡ."

"ಏನೂ ಬೇಡವಂತೆ ಕರ್ತನೇ," ಎಂದು ಅವಳು ಮುಗಿಸುತ್ತಿದ್ದಳು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ದಿನವಿಡೀ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿ ಸೊಂಟ ಬಿದ್ದುಹೋಗುವುದು ನನ್ನದು, ಮುನಿಸು ಮಾತ್ರ ಇವರದು! ಅತ್ತೆ ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: "ನಿಮ್ಮ ಮಗನಿಗೆ ಬುದ್ಧಿ ಬರಲಿ." ಒಂದಕ್ಷರ ಬಿಡದ ಅತ್ತೆ ಇದನ್ನು ಮಾತ್ರ ತಿದ್ದಿ, "ನೆಮ್ಮದಿ ಬರಲಿ" ಎಂದು ಬೇಡುತ್ತಿದ್ದರು. ಮನೆಯ ಕಷ್ಟವೆಲ್ಲ ಆ ಖಾಲಿ ಕುರ್ಚಿಯಲ್ಲೇ ಕೂತಿದೆ ಎಂದು ನಾವು ಮೂವರೂ ತಿಳಿದಿದ್ದೆವು. ಮೂವರೂ ಅಂದೆನೇ? ಇಬ್ಬರು.

ಅತ್ತೆ ಮೇಲಿನ ಗೂಡಿನ ಡಬ್ಬಿಗೆ ಎಡಗೈ ಚಾಚುವುದನ್ನು ನಾನು ಕಂಡಿದ್ದೆ. "ಬಲಗೈ ನೋವಾ ಅತ್ತೆ?" ಎಂದರೆ, "ವಯಸ್ಸಾಯ್ತಲ್ಲ," ಎಂದು ಮಾತು ತೇಲಿಸಿದ್ದರು.

ಒಂದು ಸಂಜೆ ಎಲ್ಲ ಎಂದಿನಂತೆಯೇ ನಡೆಯಿತು. ಗುಬ್ಬಿ "ಏನೂ ಬೇಡವಂತೆ" ಎಂದಳು. ಇನ್ನು ಅತ್ತೆ ಆಮೆನ್ ಅನ್ನಬೇಕು, ನಾನು ಎದ್ದು ತಟ್ಟೆ ಹಾಕಬೇಕು. ಅತ್ತೆ ಅನ್ನಲಿಲ್ಲ. ಕೈ ಜೋಡಿಸಿ, ಕಣ್ಣು ಮುಚ್ಚಿ ಹಾಗೇ ಕೂತಿದ್ದರು. ನಿದ್ದೆ ಹತ್ತಿತೇನೋ ಎಂದು ನಾನು ಸಣ್ಣಗೆ ಕೆಮ್ಮಿದೆ.

"ಅಜ್ಜೀ, ಆಮೆನ್ ಅನ್ನು, ಹಸಿವಾಗ್ತಿದೆ," ಎಂದಳು ಗುಬ್ಬಿ.

"ಇನ್ನೂ ಒಬ್ಬರು ಉಳಿದಿದಾರೆ ಪುಟ್ಟಾ."

ವರಾಂಡದಿಂದ ದನಿ ಬಂತು: "ನನಗೇನೂ ಬೇಡ ಅಂದೆನಲ್ಲ! ಎಷ್ಟು ಸಲ ಹೇಳ್ಬೇಕು?"

"ನಿನ್ನ ವಿಷಯ ಅಲ್ಲ ಕಣೋ," ಎಂದರು ಅತ್ತೆ, ಕಣ್ಣು ತೆರೆಯದೆ. "ನಿನ್ನನ್ನ ಇವಳು ದಿನಾ ಕೇಳ್ತಾನೇ ಇದಾಳೆ. ನನ್ನನ್ನ ಯಾರೂ ಕೇಳಿಲ್ಲ. ನೀನು ಎದ್ದು ಹೋದಾಗಿನಿಂದ ಯಾರೂ ಕೇಳಿಲ್ಲ."

ಆ ಖಾಲಿ ಕುರ್ಚಿಯ ಬಲಗಡೆ ಅತ್ತೆ ಇದ್ದಾರೆ, ಅವರಿಗಾಗಿ ಕೇಳುವವರೇ ಇಲ್ಲ ಎಂಬುದು ನಮ್ಮ ತಲೆಗೇ ಹೊಳೆದಿರಲಿಲ್ಲ. ಕಟ್ಟಳೆ ಹಾಳಾಗಿ ಹೋಗಲಿ, ನಾನೇ ಕೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಅತ್ತೆ ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿ ಸುಮ್ಮನಿರಿಸಿದರು.

ನಮ್ಮವರು ಬಂದು ಬಾಗಿಲಲ್ಲಿ ನಿಂತರು. "ನಾನು ಮಾತು ಬಿಟ್ಟಿದೀನಿ ಅಮ್ಮ. ನಿನಗೆ ಗೊತ್ತಲ್ಲ."

"ನಿನಗೋಸ್ಕರ ಮಾತಾಡು ಅಂತ ಯಾರು ಹೇಳಿದ್ರು? ನನಗೋಸ್ಕರ ಮಾತಾಡು."

ಅವರು ಕೂತರು. ಕುಲುಮೆಯ ಝಳಕ್ಕೆ ಕೂದಲೆಲ್ಲ ಸುಟ್ಟು ನುಣುಪಾದ ಕೈಗಳನ್ನು ಮೇಜಿನ ಮೇಲಿಟ್ಟರು. "ನಿನಗೇನು ಕೇಳ್ಲಿ ಅಮ್ಮ?"

"ಎದೇಲಿ ಒಂದು ಗಡ್ಡೆ ಇದೆ. ಕಂಕುಳಿಗೂ ಬಂದ ಹಾಗಿದೆ. ವಾಸಿ ಮಾಡು ಅಂತ ಆಮೇಲೆ ಕೇಳಿದ್ರಾಯ್ತು. ಈಗ, ಆಸ್ಪತ್ರೆಗೆ ಹೋಗೋ ಧೈರ್ಯ ಕೊಡು ಅಂತ ಕೇಳು. ನನಗೆ ಭಯ ಆಗ್ತಿದೆ ಮಗಾ."

ಅತ್ತೆಯ ಬಾಯಲ್ಲಿ ಭಯವೆಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಇಷ್ಟು ದಿನ ಅದನ್ನು ಒಬ್ಬರೇ ಹೊತ್ತುಕೊಂಡು, ನನ್ನ ಸಿಡುಕನ್ನು ತಿದ್ದಿ ತಿದ್ದಿ ದೇವರಿಗೆ ಮುಟ್ಟಿಸುತ್ತಿದ್ದರಲ್ಲ ಎಂದು ನೆನೆದು ನನಗೆ ಅಳು ಬಂತು.

ನಮ್ಮವರು ಕಾರ್ಖಾನೆಯ ಮೇಲ್ವಿಚಾರಕನ ಹತ್ತಿರ ಮಾತಾಡುವ ಹಾಗೆ ಶುರು ಮಾಡಿದರು: "ಕರ್ತನೇ, ನಿನ್ನ ಮೇಲೆ ನನಗೆ ಸಿಟ್ಟಿದೆ. ಅದೇನೂ ಹೋಗಿಲ್ಲ, ಅದರ ಮಾತು ಇನ್ನೊಂದು ದಿನ ಆಡೋಣ. ಈಗ ಬಂದಿರೋದು ಅಮ್ಮನ ವಿಷಯಕ್ಕೆ. ಅವಳಿಗೆ ಭಯ ಆಗ್ತಿದೆಯಂತೆ. ಆಸ್ಪತ್ರೆಗೆ ಹೋಗೋ ಧೈರ್ಯ ಕೊಡು..." ಅಲ್ಲಿಗೆ ದನಿ ಒಡೆಯಿತು.

ನಾವೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರೂ ಗುಬ್ಬಿ ಬಲಕ್ಕೆ ತಿರುಗಿ ಇನ್ನೊಮ್ಮೆ ಕೇಳದೆ ಬಿಡಲಿಲ್ಲ. "ಅಪ್ಪಾ, ನಿನಗೇನು ಕೇಳ್ಲಿ?"

ಅವರು ರೂಢಿಯಂತೆ "ಏನೂ..." ಎಂದು ಶುರುಮಾಡಿ, ನಿಲ್ಲಿಸಿದರು. ತಾಯಿಯ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡರು.

"ನಾಳೆ ಬೆಳಿಗ್ಗೆ ಅಜ್ಜಿ ಜೊತೆ ಆಸ್ಪತ್ರೆಗೆ ಹೋಗ್ತೀನಿ. ನನಗೂ ಭಯ ಆಗ್ತಿದೆ ಅಂತ ಹೇಳು."

ಗುಬ್ಬಿ ಒಂದಕ್ಷರ ಬಿಡದೆ ಹಾಗೇ ಹೇಳಿದಳು. ಅತ್ತೆ ಆಮೆನ್ ಅಂದರು.