ಮೀನು.ಮನೆ

"ಅಳಿಸಿದ್ಯಾ?" ಅಪ್ಪ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದ.

"ಹ್ಞೂಂ" ಎಂದಳು ಪುಟ್ಟಿ.

ಗೋಡೆಯ ಮೊಳೆಗೆ ತೂಗುತ್ತಿದ್ದ ಅಂಗೈಯಗಲದ ಪೆಟ್ಟಿಗೆಯನ್ನು ಅವಳೇ ಜೋಡಿಸಿದ್ದು. ಮನೆಯ ಒಂದೊಂದು ಯಂತ್ರಕ್ಕೂ ಉದ್ದನೆಯ ನಂಬರು. ಅದು ಯಾರಿಗೆ ನೆನಪಿರುತ್ತದೆ? ಅವಳು ಪೆಟ್ಟಿಗೆಗೆ ಹೆಸರುಗಳನ್ನು ಹೇಳಿಕೊಟ್ಟಿದ್ದಳು. ಫೋನಿನಲ್ಲಿ 'ಬಾಗಿಲು.ಮನೆ' ಎಂದು ಬರೆದರೆ ಸಾಕು, ಪೆಟ್ಟಿಗೆ ನಂಬರು ಹುಡುಕಿಕೊಡುತ್ತಿತ್ತು, ಬಾಗಿಲ ಕ್ಯಾಮೆರಾ ತೆರೆದುಕೊಳ್ಳುತ್ತಿತ್ತು. 'ಮೀನು.ಮನೆ' ಎಂದರೆ ಮಹಡಿಯಲ್ಲಿ ದೊಡ್ಡಪ್ಪನ ಗಾಜಿನ ತೊಟ್ಟಿಯ ಕ್ಯಾಮೆರಾ: ಹಸಿರು ನೀರು, ನಿದ್ದೆಯಲ್ಲಿ ನಡೆಯುವವರಂತೆ ತೇಲುವ ಕೆಂಪು ಮೀನುಗಳು.

ದೊಡ್ಡಪ್ಪ, ಅಪ್ಪ ಇಬ್ಬರೂ ಹುಡುಗರಾಗಿದ್ದಾಗಿನಿಂದ ಸೇರಿ ಸಾಕಿದ ಮೀನುಗಳು. ಮನೆ ಪಾಲಾದಾಗ ತೊಟ್ಟಿ ದೊಡ್ಡಪ್ಪನಿಗೆ ಹೋಯಿತು. ಮೆಟ್ಟಿಲ ಬಾಗಿಲಿಗೆ ಹಲಗೆ ಬಿತ್ತು, ಮಾತು ನಿಂತಿತು. ವೈಫೈ ಮಾತ್ರ ಇನ್ನೂ ಒಂದೇ ಇತ್ತು. ಬೆಳಿಗ್ಗೆ ಅಪ್ಪ, "ಮೇಲಿನವರ ಹೆಸರು ಒಂದೂ ನಮ್ಮ ಪೆಟ್ಟಿಗೇಲಿ ಇರಬಾರದು" ಎಂದಿದ್ದ.

"ಅಳಿಸಿದ್ರೆ ಇದೇನಿದು?" ಅಪ್ಪ ಫೋನು ಮುಂದೆ ಹಿಡಿದ. ಮೀನುಗಳು ತೇಲುತ್ತಿದ್ದವು.

"ಪೆಟ್ಟಿಗೆ ಮರೆತಿದೆ ಅಪ್ಪಾ. ನಿನ್ ಫೋನು ಮರೆತಿಲ್ಲ. ಒಂದ್ಸಲ ಕೇಳ್ಕೊಂಡ ನಂಬರನ್ನ ಸ್ವಲ್ಪ ಹೊತ್ತು ನೆನಪಿಟ್ಕೊಳ್ಳತ್ತೆ. ಸಂಜೆ ಹೊತ್ತಿಗೆ ಮರೆಯತ್ತೆ."

"ನಿನ್ ಥರಾನೇ. ಹೇಳಿದ ತಕ್ಷಣ ಒಂದು ಕೆಲಸ ಆಗಲ್ಲ." ಮತ್ತೆ ಫೋನು ನೋಡಿ, "ಸಂಜೆಗಾ?" ಎಂದ.

"ಬೇಕಿದ್ರೆ ಪೆಟ್ಟಿಗೇಲಿ ಹೆಸರು ತಿರುಗಿ ಬರೀತೀನಿ. ಅರ್ಧ ನಿಮಿಷದ ಕೆಲಸ."

"ಬೇಡ ಅಂದ್ನಲ್ಲ."

ಅಷ್ಟರಲ್ಲಿ ಫೋನಿನ ತೆರೆಯ ಮೇಲಂಚಿನಿಂದ ಒಂದು ಕೈ ಇಳಿದು ನೀರಿಗೆ ಕಾಳು ಉದುರಿಸಿತು. ಮೀನುಗಳೆಲ್ಲ ಒಟ್ಟಿಗೆ ಮೇಲೆದ್ದವು.

"ಅಷ್ಟೊಂದು ಹಾಕ್ಬೇಡ ಅಣ್ಣಾ, ಹೊಟ್ಟೆ ಉಬ್ಬತ್ತೆ ಅವಕ್ಕೆ" ಎಂದ ಅಪ್ಪ, ಫೋನಿಗೆ. ಮಗಳು ಅಲ್ಲೇ ಇರುವುದು ನೆನಪಾಗಿ ಕೆಮ್ಮಿದ. ಪುಟ್ಟಿ ಗುಂಡಿಯ ಡಬ್ಬಿಯಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದಳು.

"ಮುಚ್ಚದೇ ಇದ್ರೆ?" ಎಂದ ಅಪ್ಪ.

"ಏನನ್ನ?"

"ಇದನ್ನೇ. ಹೀಗೇ ಬಿಟ್ರೆ."

"ಮುಚ್ಚೋವರೆಗೂ ಓಡತ್ತೆ ಅಪ್ಪಾ. ಹೊಸದಾಗಿ ತೆರೆಯೋಕೆ ಮಾತ್ರ ಹೆಸರು ಬೇಕು."

"ಸುಮ್ನೆ ಕೇಳ್ದೆ."

ಊಟಕ್ಕೆ ಎದ್ದಾಗ ಅಪ್ಪ ಫೋನನ್ನು ತುಂಬಿದ ಬಟ್ಟಲಿನಂತೆ ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದ, ಹಾಗೇ ಹಿಡಿದು ಬಂದ. ಬಿಸಿಲು ಬಟ್ಟೆಯ ರಾಶಿಯ ಮೇಲಿಂದ ನೆಲಕ್ಕೆ, ನೆಲದಿಂದ ಹೊಸ್ತಿಲಿಗೆ ಸರಿಯಿತು. ಬೀದಿಯ ಸದ್ದು ದೂರದಲ್ಲೆಲ್ಲೋ ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಅಪ್ಪ ಒಂದು ಹೊಲಿಗೆ ಹಾಕುತ್ತಿದ್ದ, ಒಮ್ಮೆ ನೋಡುತ್ತಿದ್ದ.

ಸಂಜೆ ಫೋನು ಕುಂಯ್‌ಗುಟ್ಟಿತು. ಚಾರ್ಜು ಮುಗಿಯುತ್ತಿತ್ತು; ಫೋನು ಆರಿದರೆ ಮೀನುಗಳೂ ಹೋದಂತೆ. ಮೇಜಿನ ಬಳಿ ಇದ್ದದ್ದು ಒಂದೇ ಪ್ಲಗ್ಗು, ಅದರಲ್ಲಿ ಹೊಲಿಗೆ ಯಂತ್ರದ ಮೋಟಾರು. ಇನ್ನೇನು ಗಿರಾಕಿ ಬರುವ ಹೊತ್ತು. ಅವರ ಅಂಗಿಯ ತೋಳು ಸೂಜಿಯ ಕೆಳಗೇ ಇತ್ತು.

ಅಪ್ಪ ಮೋಟಾರಿನ ವೈರು ಕಿತ್ತು ಚಾರ್ಜರು ಸಿಕ್ಕಿಸಿದ. ಯಂತ್ರದ ಪುಟ್ಟ ದೀಪ ಆರಿತು. ಅರ್ಧ ಹೊಲಿದ ತೋಳಿನ ಮೇಲೆ ನೀರಿನ ಹಸಿರು ನಿಧಾನವಾಗಿ ಅಲುಗಾಡಿತು.