ಸಂದು ಬಿಡದ ತಗಡು

ಗಾಡಿಯ ಹಿಂಬದಿ ನೋಡಿದ್ದೇ ತಡ, ದುರ್ಗಾಂಬಿಕಾಳ ಪಿತ್ತ ನೆತ್ತಿಗೇರಿತು. ಹಲಗೆ ಇರಬೇಕಾದ ಕಡೆ ಕಬ್ಬಿಣದ ತಗಡು ಹಾಸಿತ್ತು. ಅಂಚಿನಿಂದ ಅಂಚಿಗೆ ವೆಲ್ಡಿಂಗ್, ಮೇಲೆ ಹೊಳೆಯುವ ಹಸಿರು ಬಣ್ಣ. ನಡುವೆ ಒಂದು ಕೂದಲು ತೂರುವಷ್ಟೂ ಸಂದಿಲ್ಲ.

“ಹೆಂಗೈತೆ?” ಎಂದ ಓಂಕಾರ್. ಚನ್ನಗಿರಿಯಲ್ಲಿ ಲಾರಿ, ಪಿಕಪ್‌ಗಳಿಗೆ ಬಾಡಿ ಕಟ್ಟುವುದರಲ್ಲಿ ಅವನದು ಎತ್ತಿದ ಕೈ, ಅದು ಅವನಿಗೂ ಚೆನ್ನಾಗಿ ಗೊತ್ತು. “ಇದ್ರಾಗೆ ಒಂದು ಅಡಿಕೆ ಕೆಳಗೆ ಬಿದ್ರೆ ನನ್ನ ಕೇಳ್ರಿ.”

“ಅಡಿಕೆ ಯಾರು ಹೊರ್ತಾರ್ರೀ? ಇದು ಕುರಿ ಗಾಡಿ.”

ಆ ಪಿಕಪ್ ದುರ್ಗಾಂಬಿಕಾಳಿಗಿಂತ ಹಳೆಯದು. ಅವಳ ಅಪ್ಪ ಚಿತ್ತಪ್ಪ ತನ್ನ ಮದುವೆಗೆ ಮೊದಲೇ ಕೊಂಡದ್ದು. ಈಗ ಓಡಿಸುವವಳು ಅವಳೇ. ಪ್ರತಿ ಬೇಸಿಗೆ ಬಿಳಿಚೋಡಿನಿಂದ ಅವರ ಹಿಂಡು ತ್ಯಾವಣಿಗೆಯ ಕಡೆ ಬರುತ್ತದೆ. ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ಕೂಡಿ ತರುಬಿದರೆ ಗದ್ದೆಯವರಿಗೆ ಗೊಬ್ಬರ, ಇವರಿಗೆ ಕಾಳು ಕಡಿ. ಬಿಡಾರ ಕಿತ್ತಾಗ ಹಿಂಡು ನಡೆದೇ ಹೋಗುತ್ತದೆ. ನಡೆಯಲಾಗದ ಹಸಿ ಬಾಣಂತಿ ಕುರಿ, ಮರಿಗಳಿಗೆ ಮಾತ್ರ ಗಾಡಿ. ನಾಳೆ ಬೆಳಿಗ್ಗೆ ಹೊನ್ನಾಳಿ ಕಡೆ ಹೊರಡಬೇಕು. ಈದ ಕುರಿ ಒಂಬತ್ತಿವೆ. ಹಲಗೆ ಕೊಳೆತಿದ್ದಕ್ಕೇ ಗಾಡಿಯನ್ನು ಇಲ್ಲಿಗೆ ತಂದು ಬಿಟ್ಟದ್ದು. ಅವತ್ತು ಅಪ್ಪನೊಬ್ಬನೇ ಶೆಡ್ಡಿನೊಳಗೆ ಹೋಗಿ ಮಾತಾಡಿ ಬಂದಿದ್ದ.

ಮೂಲೆಯಲ್ಲಿದ್ದ ಬಕೆಟ್ ಎತ್ತಿ ಅವಳು ತಗಡಿನ ಮೇಲೆ ನೀರು ಸುರಿದಳು. ನೀರು ಎಲ್ಲಿಗೂ ಹೋಗದೆ ನಿಂತಿತು.

“ಇದು ಉಚ್ಚೆ ಅಂದ್ಕಳ್ರಿ. ಮ್ಯಾಲೆ ಬಿಸಿಲು. ನಿನ್ನೆ ಹುಟ್ಟಿದ ಮರಿ ಇದ್ರ ಮ್ಯಾಲೆ ನಿಂತ್ಕಳಾಕೆ ಆಗ್ತೈತಾ? ಕಾಲು ಮುರ್ಕಂಡು ಒಂದ್ರ ಮ್ಯಾಲೊಂದು ಬಿದ್ದು ಸಾಯ್ತಾವೆ. ನಮ್ಮ ಹಳೇ ಹಲಗೆ ಎಲ್ಲಿ?”

“ಗಬ್ಬು ನಾರ್ತಿದ್ವು. ಹೋಟ್ಲಿನೋರು ಒಲೆಗೆ ತಗಂಡೋದ್ರು.”

“ಗಬ್ಬು ನಾರ್ತಿದ್ವಲ್ಲ, ಏನು ವಾಸನೆ ಅಂತ ನಿಮ್ಮ ಮೂಗಿಗೆ ತಿಳೀಲಿಲ್ವಾ? ಮೂರು ದಿನ ಗಾಡಿ ಇಟ್ಕಂಡು ಏನು ಕತ್ತೆ ಕಾಯ್ತಿದ್ರಾ?”

ಓಂಕಾರನ ಮುಖ ಕೆಂಪಾಯಿತು. ತಪ್ಪು ತನ್ನದಾಗಿದ್ದರೆ ಸುಮ್ಮನಿರುತ್ತಿದ್ದನೋ ಏನೋ.

“ನೋಡಮ್ಮ, ನಾನು ಕೇಳಿದ್ದೆ. ಏನು ಲೋಡು ಹಾಕ್ತೀರಿ ಯಜಮಾನ್ರೇ ಅಂತ ಬಾಯಿಬಿಟ್ಟು ಕೇಳಿದ್ದೆ. ಎಲ್ಲಾ ತರದ್ದೂ ಹಾಕ್ತೀವಪ್ಪ, ಇಲ್ಲೆಲ್ಲಾ ಹೆಂಗೆ ಕಟ್ತೀರೋ ಹಂಗೇ ಕಟ್ರಿ ಅಂದ್ರು ನಿಮ್ಮಪ್ಪ. ಶಿವಮೂರ್ತಪ್ಪೋರೂ ಇದ್ರು, ಬೇಕಾದ್ರೆ ಕೇಳು.”

ಬೆಂಚಿನ ಮೇಲೆ ಕೂತಿದ್ದ ಅಡಿಕೆ ವ್ಯಾಪಾರಿ ಶಿವಮೂರ್ತಪ್ಪ ಪೇಪರಿನಿಂದ ತಲೆ ಎತ್ತಿ, ಹೌದು ಎಂಬಂತೆ ಆಡಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ. ದುರ್ಗಾಂಬಿಕಾ ಆ ಅಂಗಿಯನ್ನು ನೋಡಿದಳು, ಬಾಗಿಲಲ್ಲೇ ನಿಂತಿದ್ದ ಅಪ್ಪನನ್ನು ನೋಡಿದಳು. ಎಲ್ಲ ತಿಳಿದುಹೋಯಿತು.

“ಕುರಿ ಅನ್ನಾಕೆ ನಾಚ್ಕೆ ಆಯ್ತಾ?”

ಚಿತ್ತಪ್ಪ ಟವೆಲ್ಲು ಸರಿ ಮಾಡಿಕೊಂಡ. “ಅವತ್ತು ದೊಡ್ಡೋರು ನಾಕು ಜನ ಕುಂತಿದ್ರು ಕಣವ್ವ.”

“ದೊಡ್ಡೋರು. ಅವ್ರ ಗದ್ದೆಗೆ ನಮ್ಮ ಕುರಿ ಹಿಕ್ಕೆ ಬೇಕು, ಕುರಿ ಹೆಸರು ಬ್ಯಾಡ?”

“ನನ್ನನ್ಯಾಕೆ ಎಳಿತೀಯಮ್ಮ,” ಎಂದ ಶಿವಮೂರ್ತಪ್ಪ. “ನಾನೇನಂದೆ? ಹೋದ ವರ್ಷ ನಾನೇ ಬೇಡ್ಕಂಡು ಕುರಿ ತರುಬಿಸಿದೀನಿ.”

ಅದನ್ನು ಕೇಳಿ ಅವಳ ಸಿಟ್ಟು ಇನ್ನಷ್ಟು ಏರಿತು. ಯಾರೂ ಏನೂ ಅಂದಿರಲಿಲ್ಲ. ಅಪ್ಪನೇ ತನ್ನಷ್ಟಕ್ಕೆ ತಾನು ಕುಗ್ಗಿ, ಒಂಬತ್ತು ಬಾಣಂತಿಗಳ ಜೀವಕ್ಕೆ ಕುತ್ತು ತಂದಿಟ್ಟಿದ್ದ. ಓಂಕಾರನಿಗೆ ಬೈದದ್ದೆಲ್ಲ ವಾಪಸ್ಸು ತಂದು ಅಪ್ಪನ ಮೇಲೆ ಸುರಿಯಬೇಕೆನ್ನಿಸಿತು.

“ಈಗ ಹೇಳು, ಏನು ಲೋಡು?”

“ಕುರಿ,” ಎಂದ ಚಿತ್ತಪ್ಪ, ನೆಲ ನೋಡುತ್ತ.

“ನಂಗಲ್ಲ. ಅವ್ರಿಗೆ ಹೇಳು.”

ಚಿತ್ತಪ್ಪ ಒಳಗೆ ಬಂದ. ಗಾಡಿಯ ಹತ್ತಿರ ಬಂದು ಕೈಯಿಟ್ಟ ಮೇಲೆ ಅವನ ನಾಲಿಗೆ ತುಸು ಸಡಿಲವಾಯಿತು. “ಈದ ಕುರಿ, ಮರಿ ಹೊರ್ತೀವಪ್ಪ. ಹಲಗೆಗೆ ಹಲಗೆ ಕಿರುಬೆರಳಿನಷ್ಟು ಸಂದು ಬಿಡಬೇಕು. ಉಚ್ಚೆ ಇಳಿಬೇಕು, ಮರಿ ಗೊರಸು ಇಳಿಬಾರ್ದು. ಹತ್ರಿ ಹೊಡ್ದು ಹಲಗೆ ನುಣ್ಣಗೆ ಮಾಡ್ಬ್ಯಾಡ, ಮರಿ ಜಾರ್ತಾವೆ.”

“ಇದನ್ನ ಅವತ್ತೇ ಅಂದಿದ್ರೆ ಒಂದಿನದ ಕೆಲಸ,” ಎಂದು ಗೊಣಗಿದ ಓಂಕಾರ್. ಸಾಮಿಲ್ಲಿಗೆ ಫೋನ್ ಮಾಡಿ ಹಲಗೆಗೆ ಹೇಳಿದ. ಬೆಳಗಾಗುವುದರೊಳಗೆ ಮುಗಿಸಿಕೊಡುತ್ತೇನೆಂದು ಒಪ್ಪಿಕೊಂಡು, ತಗಡು ಕೊಯ್ಯಲು ಗ್ರೈಂಡರಿನ ವೈರು ಬಿಚ್ಚತೊಡಗಿದ.

ಕೆಲಸ ಒಂದು ದಾರಿಗೆ ಬಂತು, ಆದರೆ ದುರ್ಗಾಂಬಿಕಾಳ ಸಿಟ್ಟು ಇಳಿಯಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಹನ್ನೆರಡು ವರ್ಷದಿಂದ ಇದೇ ಕುರಿಗಳ ಹಿಂದೆ, ಇದೇ ಸ್ಟೇರಿಂಗಿನ ಮುಂದೆ ಅವಳ ಬದುಕು. ಬೀಗರ ಮನೆಗಳಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಇಂಥ ಅಂಗಿಯವರು ಅಪ್ಪನನ್ನು ಅವಳ ಬಗ್ಗೆ ಎಷ್ಟೋ ಸಲ ಕೇಳಿರಬಹುದು.

“ಅಪ್ಪ,” ಎಂದಳು. “ನಿನ್ ಮಗಳು ಏನು ಮಾಡ್ತಾಳೆ ಅಂತ ಕೇಳಿದ್ರೆ ಏನಂತೀಯ?”

ಚಿತ್ತಪ್ಪ ಮತ್ತೆ ಟವೆಲ್ಲು ಸರಿ ಮಾಡಿಕೊಂಡ. ಕೇಳಿಸಲಿಲ್ಲ ಎನ್ನುವಂತಿರಲಿಲ್ಲ, ಓಂಕಾರ್ ಇನ್ನೂ ಗ್ರೈಂಡರ್ ಚಾಲೂ ಮಾಡಿರಲಿಲ್ಲ.