ಬಿಳಿ ಪಥ್ಯ

"ಬಾಯಿ ತೆಗಿ ಅಂದ್ರ ನಿಮ್ಮವ್ವನ ಮಾರಿ ಯಾಕ ನೋಡ್ತಿ? ಹಲ್ಲು ನಿನ್ನವೋ, ಆಕಿನವೋ?"

ಶಹಾಪುರದ ಹಲ್ಲಿನ ಡಾಕ್ಟರು ತರನ್ನುಮ ನಗುತ್ತಲೇ ಕೇಳಿದಳು. ಕುರ್ಚಿಯಲ್ಲಿ ಒರಗಿದ್ದ ಮೌನೇಶ್ವರಿ ಬಾಯಿ ತೆರೆದಳು. ಡಾಕ್ಟರ ನಗು ನಿಂತಿತು. ಗೋಡೆಗೆ ಆತು ನಿಂತಿದ್ದ ತಾಯಿ ಮರಿಲಿಂಗಮ್ಮ ನೋಡಿದ್ದು ಮಗಳ ಬಾಯನ್ನಲ್ಲ, ಆ ನಿಂತ ನಗುವನ್ನು. ಮಗಳ ಬಾಯಿ ಅವಳಿಗೆ ಗೊತ್ತಿತ್ತು. ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಉಬ್ಬಿ, ಹಲ್ಲುಗಳನ್ನು ಅರ್ಧ ನುಂಗಿದ್ದ ವಸಡು. ಬೆಳಿಗ್ಗೆ ದಿಂಬಿನ ಮೇಲೆ ಕೆಂಪು ಕಲೆ. ಕಚ್ಚಿಟ್ಟ ರೊಟ್ಟಿಯ ಅಂಚಿಗೂ ಕೆಂಪು.

ಓಣಿಯವರಿಗೂ ಗೊತ್ತಾಗಿತ್ತು. "ಕಾಮಣಿ ಔಷಧ ಹಾಕ್ತಿದ್ದ ಮಲ್ಕಪ್ಪ ಸತ್ತು ಆಕಿ ಬಾಯಾಗ ಕುಂತಾನ," ಎಂದು ನೀರಿನ ಟಾಕಿಯ ಹತ್ತಿರ ಹೆಂಗಸರು ಆಡಿಕೊಂಡದ್ದು ಮರಿಲಿಂಗಮ್ಮನ ಕಿವಿಗೆ ಬಿದ್ದಿತ್ತು.

ಡಾಕ್ಟರು ಸಣ್ಣ ಕನ್ನಡಿಯ ತುದಿಯಿಂದ ವಸಡನ್ನು ಮೆಲ್ಲಗೆ ಒತ್ತಿದಳು. ರಕ್ತ ಜಿನುಗಿತು. ಮುಂದಿನ ಹಲ್ಲೊಂದು ಅಲುಗಿತು.

"ತಂಬಾಕ ತಿಕ್ತೀಯೇನು?"

"ಇಲ್ರಿ."

"ಕಾಲು ತೋರಸು." ಮೊಣಕಾಲ ಕೆಳಗೆ ರೋಮಗಳ ಬುಡದಲ್ಲೆಲ್ಲ ಸಾಸಿವೆಯಂಥ ಕಪ್ಪುಗೆಂಪು ಚುಕ್ಕೆಗಳಿದ್ದವು. ಡಾಕ್ಟರು ತಾಯಿಯ ಕಡೆ ತಿರುಗಿದಳು. "ಯಮ್ಮಾ, ಹುಡುಗಿಗಿ ಉಣ್ಣಾಕ ಏನ್ ಕೊಡ್ತೀರಿ?"

"ಬಿಳೇದ್ರಿ."

"ಬಿಳೇದಂದ್ರ?"

"ಹಾಲು, ಅನ್ನ, ಬಿಳಿಜ್ವಾಳದ ರೊಟ್ಟಿ. ಕಾಮಣಿ ಆಗಿತ್ರಿ ಆಕಿಗಿ. ಹಳದಿ ಬ್ಯಾನಿಗಿ ಬಿಳೀ ಪಥ್ಯ. ಹುಳಿ ಇಲ್ಲ, ಹಣ್ಣಿಲ್ಲ, ತಪ್ಪಲಪಲ್ಯೆ ಇಲ್ಲ."

"ಕಾಮಣಿ ಹೋಗ್ಯಾದಿಲ್ಲೋ?"

"ಮಳಿಗಾಲದಾಗೇ ಕಣ್ಣು ತಿಳಿ ಆದ್ವು. ರಕ್ತ ಚೆಕ್ ಮಾಡಿಸೀವಿ, ಏನಿಲ್ಲ ಅಂದಾರ."

"ಮತ್ತ ಪಥ್ಯ ಯಾಕ ಬಿಟ್ಟಿಲ್ಲ?"

"ಬಿಡಿಸೋರು ಸತ್ತಾರ್ರಿ."

ಡಾಕ್ಟರು ಕೈಗವಸು ಕಳಚುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ಮೌನೇಶ್ವರಿ ಬಾಯಿ ಮುಕ್ಕಳಿಸಿ ಉಗುಳಿ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ಔಷಧ ಹಾಕಿದ ಕೈಲೇನೇ ಪಥ್ಯ ಬಿಡಸಬೇಕಂತ್ರಿ. ಅಮಾಸಿ ದಿನ ನಾಲಿಗಿ ಮ್ಯಾಲ ನಿಂಬಿಹಣ್ಣು ಹಿಂಡ್ತಿದ್ದ ಮಲ್ಕಪ್ಪಜ್ಜ. ನನ್ನ ಪಾಳಿ ಬರೋದ್ರಾಗ ಹೋಗಿಬಿಟ್ಟ."

ತರನ್ನುಮ ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಮರಿಲಿಂಗಮ್ಮನ ಎದುರಿಗೆ ಕುಳಿತಳು. "ನೀವು ಮೀನ ಮಾರೋರಲ್ಲಾ? ಬಲಿ ಹೆಂಗಿರ್ತದ ನಿಮಗ ಗೊತ್ತು. ಹಲ್ಲು ಎಲುಬಿನ್ಯಾಗ ಸುಮ್ನ ನೆಟ್ಟಿರಂಗಿಲ್ಲ, ಸಣ್ಣ ಸಣ್ಣ ನಾರು ಬಲಿಯಂಗ ಹಿಡ್ಕೊಂಡಿರ್ತಾವ. ಆ ನಾರು ಹೊಸೀಲಿಕ್ಕೆ ವಿಟಮಿನ್ ಸಿ ಬೇಕು. ಕಾಸಿದ ಹಾಲಿನಾಗ ಇಲ್ಲ, ಅನ್ನ ರೊಟ್ಟಿನಾಗ ಇಲ್ಲ. ಹಣ್ಣಿನಾಗ ಅದ, ತಪ್ಪಲದಾಗ ಅದ. ಹಳೇ ಬಲಿ ಹರೀಲಿಕತ್ತಾದ, ಹೊಸಾದು ಹೆಣಿಯಾಕ ದಾರ ಇಲ್ಲ. ನಾ ಮ್ಯಾಲಿಂದ ಎಷ್ಟ್ ತೊಳದ್ರೇನು?"

ಗುಳಿಗೆ ಕೊಟ್ಟಳು. ದೊಡ್ಡ ಡಾಕ್ಟರಿಗೂ ತೋರಿಸಿ, ಆದರೆ ಇವತ್ತಿನಿಂದಲೇ ಹಣ್ಣಿನ ರಸ ಕುಡಿಸಿ ಎಂದಳು. "ಮೊದಮೊದಲು ಉರೀತದ. ಅಂಜಬ್ಯಾಡ್ರಿ."

ಹೊರಗೆ ಬಂದು ಮರಿಲಿಂಗಮ್ಮ ಗುಳಿಗೆಯೊಂದನ್ನು ಮೂಗಿಗೆ ಹಿಡಿದಳು. ಕಿತ್ತಳೆ ಬಣ್ಣ. ಹುಳಿ ವಾಸನೆ. ಥಟ್ಟನೆ ಚೀಟಿಯಲ್ಲಿ ಮಡಚಿ ಸೆರಗಿನ ಗಂಟಿಗೆ ಕಟ್ಟಿದಳು.

ಮಗ ಲಕ್ಷ್ಮಿಕಾಂತನಿಗೂ ಕಾಮಣಿಯೇ ಆಗಿತ್ತು, ಮೌನೇಶ್ವರಿ ಇನ್ನೂ ಹೈಸ್ಕೂಲಿನಲ್ಲಿದ್ದಾಗ. ಅವನಿಗೂ ಮಲ್ಕಪ್ಪನದೇ ಔಷಧ, ಅದೇ ಬಿಳಿ ಪಥ್ಯ. ಬೇನೆ ಜೋರಾಗಿ ದೊಡ್ಡ ದವಾಖಾನೆಗೆ ಒಯ್ದಾಗ ಪಕ್ಕದ ಮಂಚದವರು ಮೋಸಂಬಿ ಕೊಟ್ಟರು. "ಒಂದ ತೊಳಿ ಯವ್ವಾ, ಬಾಯಿ ಒಣಗ್ಯಾದ," ಎಂದ ಮಗ. ಸುಲಿದು ಕೊಟ್ಟಳು. ಮರುದಿನ ಮಗ ಇರಲಿಲ್ಲ. ಮಣ್ಣಿಗೆ ಬಂದ ಮಲ್ಕಪ್ಪ ಎಲ್ಲರ ಮುಂದೆ ಕೇಳಿದ್ದು ಒಂದೇ ಮಾತು: "ಹುಳಿ ಹಾಕಿದವರು ಯಾರು?" ಅಂದಿನಿಂದ ಮೀನು ಕೊಯ್ದು ಬೂದಿ ಹಚ್ಚಿ ತೊಳೆದ ಮೇಲೂ ಅವಳ ಬಲಗೈ ಮೋಸಂಬಿ ಸಿಪ್ಪೆ ನಾರುತ್ತಿತ್ತು. ಬೇರೆ ಯಾರಿಗೂ ಆ ವಾಸನೆ ಬರುತ್ತಿರಲಿಲ್ಲ.

"ಮನಿಗಿ ಬ್ಯಾಡ," ಎಂದಳು ಮಗಳಿಗೆ. "ಮಲ್ಕಪ್ಪನ ಊರಿಗಿ ಹೋಗೂಣು."

"ಸತ್ತವ್ರು ಬಂದು ನಿಂಬಿ ಹಿಂಡ್ತಾರೇನಬೇ?"

"ಬಾಯಿ ಮುಚ್ಚು."

"ಮುಚ್ಚಿದ್ರ ರಕ್ತ ನುಂಗಬೇಕು, ತಗದ್ರ ನೀ ಬೈತಿ," ಎಂದು ಗೊಣಗುತ್ತ ಮೌನೇಶ್ವರಿ ಸುರಪುರದ ದಾರಿಯ ಟಂಟಂ ಆಟೊ ಹತ್ತಿದಳು.

ಮಲ್ಕಪ್ಪನ ಹೆಂಡತಿ ಗೊಲ್ಲಾಳಮ್ಮ ಪಡಸಾಲೆಯಲ್ಲಿ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ಮನೆಯೆಲ್ಲ ಹುಳಿ ವಾಸನೆ. ಮರಿಲಿಂಗಮ್ಮ ಹೊಸ್ತಿಲ ಹೊರಗೇ ನಿಂತಳು. ಮಗಳನ್ನು ಇನ್ನೂ ದೂರ, ಬೇವಿನ ಬುಡಕ್ಕೆ ಕಳಿಸಿದಳು.

"ನೀನೂ ಪಥ್ಯ ಬಿಡಸು ಅನ್ನಾಕ ಬಂದಿ?" ಗೊಲ್ಲಾಳಮ್ಮ ತಲೆಯೆತ್ತದೆ ಕೇಳಿದಳು. "ಭಾಳ ಮಂದಿ ಬಂದು ಹೋದ್ರು ತಂಗಿ. ಅಂವನ ಕೈ ಅಂವನ ಕೂಡ ಮಣ್ಣಿಗಿ ಹೋತು. ನಂಗ ಆ ಕೈ ಇಲ್ಲ. ಸುಳ್ಳ ಹಿಂಡಿದ್ರ ನಾಳಿ ಏನರ ಆದ್ರ ನನ್ನ ಹೆಸರು."

"ಹುಡುಗಿ ಬಾಯಿ ನೋಡರ ನೋಡಕ್ಕಾ. ಹಲ್ಲ ಉದುರಾಕತ್ತಾವ."

"ನೋಡಿ ಏನ್ ಮಾಡ್ಲಿ?"

ಗೊಲ್ಲಾಳಮ್ಮ ಬೀಜವೊಂದನ್ನು ಬುಟ್ಟಿಗೆ ಒಗೆದಳು. ಮರಿಲಿಂಗಮ್ಮ ಹೊರಡಲಿಲ್ಲ. "ನನ್ನ ಮಗನ್ನ ಹುಳಿ ಕೊಂದಿತು ಅಂದಿದ್ದ ನಿನ್ನ ಗಂಡ," ಎಂದಳು. ಧ್ವನಿ ತನ್ನದೇ ಅನ್ನಿಸಲಿಲ್ಲ.

ಗೊಲ್ಲಾಳಮ್ಮನ ಕೈ ನಿಂತಿತು. "ನಿನ್ನ ಮಗನ್ನ ನೋಡಿ ಬಂದ ದಿನಾನೇ ಅಂವ ಉಣ್ಣಲಿಲ್ಲ. 'ಹುಡುಗನ ಕಣ್ಣು ಹಳದಿ ಅಲ್ಲ, ಹಸರ ತಿರಗ್ಯಾವ. ಉಳ್ಯಾಂಗಿಲ್ಲ' ಅಂದ ನನ್ನ ಮುಂದ."

"ಮತ್ತ ಮಣ್ಣಿನ್ಯಾಗ ಹಂಗ್ಯಾಕಂದ?"

"'ನನ್ನ ಔಷಧ ಸೋತಿತು' ಅಂತ ಅಂವ ಮಂದಿ ಮುಂದ ಅನ್ನಬೇಕಿತ್ತೇನು?"

"ಖರೇನಾ ಇದು? ನನ್ನ ಸಮಾಧಾನಕ್ಕ ಹೇಳಾಕತ್ತಿಯೇನು?"

ಗೊಲ್ಲಾಳಮ್ಮ ಇನ್ನೊಂದು ಹಣ್ಣು ಕೈಗೆತ್ತಿಕೊಂಡಳು.

ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಮರಿಲಿಂಗಮ್ಮ ಹಣ್ಣಿನ ಬಂಡಿಯ ಮುಂದೆ ಎಷ್ಟೋ ಹೊತ್ತು ನಿಂತಳು. ಬಂಡಿಯವನು, "ಯಕ್ಕಾ, ತಗೋತಿಯೋ, ಇಲ್ಲಾ ಕಾವಲ ಕಾಯ್ತಿಯೋ?" ಎಂದು ರೇಗಿಸಿದ. ಒಂದು ಮೋಸಂಬಿ ತೆಗೆದುಕೊಂಡಳು. ಕಲ್ಲುಬೆಂಚಿನ ಮೇಲೆ ಕುಳಿತು ಉಗುರಿನಿಂದ ಸುಲಿದಳು, ತೊಳೆ ಬಿಡಿಸಿದಳು, ಬೀಜ ತೆಗೆದಳು.

"ಪಥ್ಯ ನೀನೇ ಬಿಡಸ್ತಿಯೇನಬೇ?" ಮೌನೇಶ್ವರಿ ಕೇಳಿದಳು. ಈಗ ಅವಳ ದನಿಯಲ್ಲಿ ಹುಡುಗಾಟವಿರಲಿಲ್ಲ. "ನಂಗ ಏನರ ಆದ್ರ?"

"ಬಾಯಿ ತೆಗಿ."

ರಸ ವಸಡಿಗೆ ತಾಗಿದ್ದೇ ಹುಡುಗಿ ಚೀರಿದಳು. ಬೆಂಚಿನ ಅಂಚನ್ನು ಅವುಚಿ ಹಿಡಿದಳು. ಕಣ್ಣಲ್ಲಿ ನೀರು ಸುರಿಯಿತು. ಸುತ್ತಲಿನವರು ತಿರುಗಿ ನೋಡಿದರು. ಮರಿಲಿಂಗಮ್ಮ ಇನ್ನೊಂದು ತೊಳೆ ಹಿಂಡಿದಳು. ಆಮೇಲೆ ಮತ್ತೊಂದು. ಕಡೆಯದನ್ನು ಮೌನೇಶ್ವರಿ ತಾನೇ ಕಸಿದುಕೊಂಡು, ಅಳುತ್ತ, ಚೀಪಿದಳು.

ಯಾದಗಿರಿ ಬಸ್ಸಿನಲ್ಲಿ ಹುಡುಗಿ ತಾಯಿಯ ಭುಜಕ್ಕೆ ತಲೆಯಿಟ್ಟಳು. ಹೊಲಗಳ ಮೇಲೆ ಹೊತ್ತು ಇಳಿಯುತ್ತಿತ್ತು. ಅವಳಿಗೆ ನಿದ್ದೆ ಹತ್ತಿತು, ಬಾಯಿ ಅರ್ಧ ತೆರೆದುಕೊಂಡಿತು. ಮರಿಲಿಂಗಮ್ಮ ಎರಡು ಬೆರಳನ್ನು ಮಗಳ ಮೂಗಿನ ಕೆಳಗೆ ಹಿಡಿದಳು.

"ನಿಮ್ಮೂರು ಬಂತ್ ನೋಡ್ರಿ, ಇಳೀರಿ," ಎಂದು ಕಂಡಕ್ಟರು ಸೀಟಿ ಊದಿದ.

"ಹುಡುಗಿಗಿ ನಿದ್ದಿ ಹತ್ಯಾದ್ರಿ, ಮುಂದಿನ ಸ್ಟಾಪಿಗಿ ಇಳೀತೀವ್ರಿ."

"ಮುಂದಿನ ಸ್ಟಾಪು ಹೊಳಿ ಆಚಿಗಿ ಅದ ಯವ್ವಾ."

"ಇರ್ಲಿರಿ."

ಬಸ್ಸು ಭೀಮೆಯ ಸೇತುವೆ ಹತ್ತಿತು. ಬೆರಳಿಗೆ ಬೆಚ್ಚಗಿನ ಉಸಿರು ತಾಗಿ, ನಿಂತಿತು. ಅದು ಮತ್ತೆ ತಾಗುವ ತನಕ ಮರಿಲಿಂಗಮ್ಮನೂ ತನ್ನ ಉಸಿರು ಬಿಡಲಿಲ್ಲ.